ಹಲ್ಲಿನವರ ಹವಳ

ಹೊನ್ನಾವರ ಪೇಟೆಯಲ್ಲಿ ವಯಸ್ಸಾದವರು ಯಾರಾದರೂ ಬಾಯಿ ತುಂಬ ನಕ್ಕರೆ ನಾನು ಮೊದಲು ನೋಡುವುದು ಹಲ್ಲನ್ನು. ಹಾಲಿನ ಹಾಗೆ ಬೆಳ್ಳಗಿದ್ದರೆ ಅದು ಬೇರೆ ಊರಿನಲ್ಲಿ ಮಾಡಿಸಿದ ಹಲ್ಲಿನ ಸೆಟ್ಟು. ಚಾ ಕುಡಿಯುವವರ ಬಾಯಲ್ಲಿ ಚಾದ ಬಣ್ಣ, ಎಲೆಅಡಿಕೆಯ ಕವಳ ಹಾಕುವವರ ಬಾಯಲ್ಲಿ ಕವಳದ ಬಣ್ಣ ಇದ್ದು, ಸಾಲು ಮಾತ್ರ ಅಳೆದಿಟ್ಟ ಹಾಗಿದ್ದರೆ ಅದು ನಮ್ಮ ಹಲ್ಲಿನವರ ಕೈಕೆಲಸ. ಈ ಮಳೆಗಾಲದ ಶುರುವಿನಲ್ಲಿ ಅವರು ತೀರಿಕೊಂಡರು. ಸುದ್ದಿ ಕೇಳಿದ ದಿನ ಬಸ್ಸಿನಲ್ಲಿ ನನ್ನ ಪಕ್ಕ ಕೂತಿದ್ದ ಮುದುಕರೊಬ್ಬರು ಹುರಿಗಡಲೆ ತಿನ್ನುತ್ತಿದ್ದರು. ಸದ್ದಿಲ್ಲದೆ, ಸೆಟ್ಟು ಜಾರದೆ, ಕಾಲೇಜು ಹುಡುಗರ ಹಾಗೆ ಜಗಿಯುತ್ತಿದ್ದರು. ನೋಡಿ ನನಗೆ ಅಳು ಬಂತು. ಹಸಿವಿಗೆ ಅಳುತ್ತಿದ್ದೇನೆ ಅಂದುಕೊಂಡರೋ ಏನೋ, ಪಾಪ, ನನಗೂ ನಾಲ್ಕು ಕಡಲೆ ಕೊಟ್ಟರು.

ಅವರು ಡಾಕ್ಟರಲ್ಲ. ಬಸ್ ಸ್ಟ್ಯಾಂಡಿನ ಹತ್ತಿರದ ಒಂದು ಓಣಿಯಲ್ಲಿ ಕೆಳಗೆ ಹಲ್ಲಿನ ಡಾಕ್ಟರ ದವಾಖಾನೆ, ಮೇಲೆ ಇವರ ಎರಡು ಕೋಣೆ. ಡಾಕ್ಟರು ಬಾಯಿಯ ಅಚ್ಚು ತೆಗೆದು ಮೇಲೆ ಕಳಿಸಿದರೆ, ಇವರು ಅದರ ಮೇಲೆ ಮೇಣ ಹಾಕಿ, ಹಲ್ಲು ಜೋಡಿಸಿ, ಗುಲಾಬಿ ಬಣ್ಣದ ಒಸಡು ಕಟ್ಟಿ ಕೊಡುತ್ತಿದ್ದರು. ಪೇಟೆಯಲ್ಲಿ ಎಲ್ಲರೂ ಅವರನ್ನು ಹಲ್ಲಿನವರು ಎಂದೇ ಕರೆಯುತ್ತಿದ್ದರು. ಹುಬ್ಬಿನ ಮೇಲೆ ಯಾವಾಗಲೂ ಪ್ಲಾಸ್ಟರಿನ ಬಿಳಿ ಪುಡಿ. ಅದನ್ನು ಒರೆಸಿಕೊಳ್ಳಿ ಎಂದರೆ, 'ಒರ್ಸಿದ್ರೆ ಮತ್ತೆ ಕೂರ್ತದೆ, ಅದಕ್ಕೂ ಒಂದು ಜಾಗ ಬೇಕಲ್ಲ' ಎನ್ನುತ್ತಿದ್ದರು.

ನಾನು ಅಲ್ಲಿಗೆ ಮೊದಲ ಸಲ ಹೋದದ್ದು ಜಗಳ ಮಾಡಲಿಕ್ಕೆ. ಹಳದೀಪುರದ ನಮ್ಮ ಮನೆಯಲ್ಲಿ ಅಮ್ಮ ಹೊಸ ಹಲ್ಲು ಹಾಕಿಕೊಂಡು ಊಟಕ್ಕೆ ಕೂತರೆ ಟಕ್ ಟಕ್ ಸದ್ದು ಅಡುಗೆಮನೆಗೆ ಕೇಳುತ್ತಿತ್ತು. ನಾನು ಹೈಸ್ಕೂಲಿನ ವಿಜ್ಞಾನದ ಅಕ್ಕೋರು. ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸರನ್ನು ಹಾಗೇ ಕರೆಯುವುದು. ಹಾಗಾಗಿ ಯಾರಿಗೆ ಏನು ಹೇಳಲಿಕ್ಕೂ ನನಗೆ ಸಂಕೋಚವಿಲ್ಲ. ಅಮ್ಮನನ್ನು ಮೆಟ್ಟಿಲು ಹತ್ತಿಸಿ ಕರೆದುಕೊಂಡು ಹೋಗಿ, 'ಇದೆಂತ, ಹಲ್ಲಾ ತಾಳವಾ?' ಎಂದೆ.

ಅವರು ಕನ್ನಡಕ ಹಣೆಗೆ ಏರಿಸಿ ಅಮ್ಮನ ಎದುರು ಸ್ಟೂಲು ಎಳೆದುಕೊಂಡು ಕೂತರು.

'ಅಮ್ಮಾ, ಶಿರಾಲಿ ಅನ್ನಿ.'

'ಶಿರಾಲಿ.'

'ಭಟ್ಕಳ ಅನ್ನಿ. ಹಳದೀಪುರ ಅನ್ನಿ. ಹೆಬಳೆ ಅನ್ನಿ.'

'ಎಂತಕ್ಕೆ? ನಾ ಎಲ್ಲಿಗೂ ಹೋಗೂದಿಲ್ಲ' ಎಂದಳು ಅಮ್ಮ. ಹೇಳುವಾಗ ಎಡಗಡೆಯಿಂದ ಟಕ್ ಅಂತು. ಅವರಿಗೆ ಬೇಕಾಗಿದ್ದು ಅದೇ. ಸೆಟ್ಟು ತೆಗೆದುಕೊಂಡು ಒಳಗೆ ಹೋಗಿ, ಕೂದಲೆಳೆಯಷ್ಟು ಉಜ್ಜಿ ತಂದು ಕೊಟ್ಟರು. ಆಮೇಲೆ ಅಮ್ಮ ಆ ಹಲ್ಲಿನಲ್ಲಿ ಚಕ್ಕುಲಿ ತಿಂದಳು. ಇವತ್ತಿಗೂ ತಿನ್ನುತ್ತಾಳೆ. 'ಬಾಯಿ ಸುಳ್ಳು ಹೇಳ್ತದೆ ಅಕ್ಕೋರೇ, ಒಸಡು ಹೇಳೂದಿಲ್ಲ' ಎಂದು ಅವರು ಅವತ್ತು ಹೇಳಿದ್ದು, ಜಗಳಕ್ಕೆ ಬಂದವಳಿಗೆ ಕೊಟ್ಟ ಉತ್ತರ.

ಅವರು ಒಳಗೆ ಉಜ್ಜುತ್ತಿದ್ದಾಗಲೇ ನಾನು ಆ ತೊಟ್ಟಿ ನೋಡಿದ್ದು. ಎರಡನೇ ಕೋಣೆಯ ಕಿಟಕಿ ಬದಿಗೆ ಎರಡು ಅಡಿ ಉದ್ದದ ಗಾಜಿನ ತೊಟ್ಟಿ. ಮೇಲೆ ನೀಲಿ ದೀಪ, ಒಳಗೆ ಕಲ್ಲು. ಕಲ್ಲಿನ ಮೇಲೆಲ್ಲ ಹವಳ, ಸಂದಿಗಳಲ್ಲಿ ಸಣ್ಣ ಮೀನು, ಸಿಗಡಿ, ಗಾಜಿಗೆ ಅಂಟಿಕೊಂಡ ಬಸವನಹುಳು. ಹವಳ ಅಂದರೆ ಸರದಲ್ಲಿ ಪೋಣಿಸುವ ಕೆಂಪು ಮಣಿ ಮಾತ್ರ ಎಂದು ತಿಳಿದವಳೇನಲ್ಲ ನಾನು, ಪಾಠ ಮಾಡುವವಳು; ಹವಳ ಒಂದು ಪ್ರಾಣಿ, ಸಾವಿರಾರು ಸಣ್ಣ ಬಾಯಿಗಳು ಸೇರಿ ಒಂದು ಮನೆ ಕಟ್ಟಿಕೊಳ್ಳುತ್ತವೆ ಎಂದು ಬೋರ್ಡಿನ ಮೇಲೆ ಎಷ್ಟೋ ಸಲ ಬರೆದವಳು. ಆದರೆ ಜೀವಂತ ಹವಳವನ್ನು ಕಂಡದ್ದು ಅದೇ ಮೊದಲು. ನಡುಕಲ್ಲಿನ ಮೇಲೆ ಕೆಸುವಿನ ಎಲೆಯ ಹಾಗೆ ಹರಡಿಕೊಂಡ ಒಂದು ಹಸಿರು ಹವಳ, ಅಂಚಿಗೆ ನೇರಳೆ ಗೆರೆ. ನಾನು ಬಗ್ಗಿ ನೋಡುತ್ತ ನಿಂತೆ. ಜಗಳ ಮರೆತೇ ಹೋಯಿತು.

ಆ ಹಸಿರು ಹವಳದ ಕತೆಯನ್ನು ಅವರು ನನಗೆ ಹೇಳಿದ್ದು ಎಷ್ಟೋ ತಿಂಗಳ ಮೇಲೆ, ಶಾಲೆ ಬಿಟ್ಟು ಬಸ್ಸು ಕಾಯುವ ಹೊತ್ತಿನಲ್ಲಿ ಅಲ್ಲಿ ಚಾ ಕುಡಿಯುವುದು ನನಗೆ ರೂಢಿಯಾದ ಮೇಲೆ. ಅವರ ಅಪ್ಪ ಭಟ್ಕಳದ ಕಡೆ ದೋಣಿಯಲ್ಲಿ ದುಡಿದವರು. ಅಪ್ಪ ಹವಳ ನೋಡಿದ್ದೆಲ್ಲ ಬಲೆಗೆ ಸಿಕ್ಕಿ ಬಂದು ಸತ್ತು ಬಿಳಿಚಿದ ಕಲ್ಲನ್ನೇ. ಬಲೆ ಹರಿದಾಗಲೆಲ್ಲ ಅದಕ್ಕೆ ಬೈದು, ಕಿತ್ತು ನೀರಿಗೆ ಎಸೆದು, ಮನೆಗೆ ಬಂದು ಬಲೆ ಹೊಲಿಯುತ್ತ ಕೂರುವುದು. ವಯಸ್ಸಾಗಿ ದೋಣಿ ಬಿಟ್ಟ ಮೇಲೆ ಒಮ್ಮೆ ಮಗನ ಫೋನಿನಲ್ಲಿ ಸಮುದ್ರದ ತಳದ ವಿಡಿಯೋ ನೋಡಿ, 'ಇದೆಲ್ಲ ಚಿತ್ರ ಬರೆದದ್ದು' ಎಂದು ಒಪ್ಪಲೇ ಇಲ್ಲ. ಇವರಿಗೆ ಹಟ ಬಂತು. ನಮ್ಮ ಸಮುದ್ರದ ಹವಳ ಮುಟ್ಟಿದರೆ ಕಾನೂನು ಬಿಡುವುದಿಲ್ಲ, ಬಿಡಲೂಬಾರದು. ಅದಕ್ಕೆ ತೊಟ್ಟಿಯಲ್ಲೇ ಸಾಕಿ ಬೆಳೆಸಿದವರ ಹತ್ತಿರ ಕಾಗದಪತ್ರ ಸಮೇತ ಹೆಬ್ಬೆರಳ ಉಗುರಿನಷ್ಟು ಒಂದು ಹಸಿರು ತುಂಡು ತರಿಸಿದರು. ಅದು ಬದುಕಿ ಅಂಗೈ ಅಗಲ ಆದಾಗ ಅಪ್ಪನನ್ನು ಮೆಟ್ಟಿಲು ಹತ್ತಿಸಿ ತಂದು ತೋರಿಸಿದರು. ಮುದುಕರು ಗಾಜಿಗೆ ಮೂಗು ತಾಗಿಸಿ ತುಂಬ ಹೊತ್ತು ನೋಡಿ, 'ಇದಕ್ಕಾ ನಾನು ಅಷ್ಟು ಬೈದದ್ದು?' ಎಂದರಂತೆ. ಆಮೇಲೆ ಸಾಯುವವರೆಗೂ ವಾರಕ್ಕೊಮ್ಮೆ ಬಂದು ಅದರ ಎದುರು ಕೂರುತ್ತಿದ್ದರಂತೆ.

'ಅಪ್ಪ ನೋಡಿದ ಹವಳ ಇದು. ಇದೊಂದು ಇರ್ಬೇಕು ಅಕ್ಕೋರೇ, ಬಾಕಿ ಎಲ್ಲ ಹೋದ್ರೂ ತೊಂದ್ರೆ ಇಲ್ಲ' ಎಂದರು. ಅದರ ತುಂಡನ್ನು ಅವರು ಬೇರೆ ಯಾರಿಗೂ ಕೊಟ್ಟಿರಲಿಲ್ಲ.

ಅವರು ಹವಳ ಕೂರಿಸುವುದನ್ನು ನೋಡಬೇಕಾಗಿತ್ತು. ದೊಡ್ಡದಾದ ಹವಳದಿಂದ ಚಿಕ್ಕ ತುಂಡು ಕತ್ತರಿಸಿ ಬೇರೆ ಕಲ್ಲಿಗೆ ಅಂಟಿಸಿದರೆ ಅದು ಅಲ್ಲಿ ಬೇರೆಯಾಗಿ ಬೆಳೆಯುತ್ತದೆ. ಆ ತುಂಡಿಗೆ ಅವರು ಸಸಿ ಎನ್ನುತ್ತಿದ್ದರು. ವಿಡಿಯೋಗಳಲ್ಲಿ ಜನ ಅಂಟು ಮೆತ್ತಿ ಒತ್ತಿ ಮುಗಿಸುತ್ತಾರೆ. ಇವರದು ಹಾಗಲ್ಲ, ಹಲ್ಲಿನ ಲೆಕ್ಕ. ಮೊದಲು ಅಂಟಿಲ್ಲದೆ ಸಸಿಯನ್ನು ಕಲ್ಲಿನ ಮೇಲೆ ಇಟ್ಟು ತಿರುಗಿಸಿ ತಿರುಗಿಸಿ, ಅದು ತಾನಾಗಿ ನಿಲ್ಲುವ ಗುಳಿ ಹುಡುಕುವುದು. ಆ ಗುಳಿಯ ಪಾಚಿಯನ್ನು ಹಳೇ ಟೂತ್‌ಬ್ರಷ್ಷಿನಲ್ಲಿ ತಿಕ್ಕುವುದು. ಸಸಿಯ ಬುಡ ಒರೆಸಿ ಕಡಲೆಕಾಳಿನಷ್ಟು ಗಟ್ಟಿ ಅಂಟು ಇಟ್ಟು, ನೀರಿನೊಳಗೆ ಒಯ್ದು ಒತ್ತಿ, ಚೂರೇ ಚೂರು ತಿರುಚಿ, ಆಮೇಲೆ ಹಿಡಿದುಕೊಂಡೇ ಇರುವುದು. ಎಷ್ಟು ಹೊತ್ತು? ಅದಕ್ಕೆ ಅವರು ಗಡಿಯಾರ ನೋಡುತ್ತಿರಲಿಲ್ಲ, ಮನಸ್ಸಿನಲ್ಲೇ ಬಸ್ಸು ಬಿಡುತ್ತಿದ್ದರು. ಕುಮಟಾದಲ್ಲಿ ಹತ್ತಿ ಧಾರೇಶ್ವರ, ಹಳದೀಪುರ, ಹೊನ್ನಾವರ, ಕಾಸರಕೋಡು, ಮಂಕಿ, ಶಿರಾಲಿ, ಒಂದೊಂದು ಸ್ಟಾಪಿನಲ್ಲೂ ಜನ ಇಳಿದು ಹತ್ತಬೇಕು. ಭಟ್ಕಳಕ್ಕೆ ಬಂದು ನಿಂತ ಮೇಲೆಯೇ ಕೈ ಬಿಡುವುದು. ನಡುವೆ ಮಾತಾಡಿಸಿದರೆ, 'ಮಂಕಿಯಲ್ಲಿ ಇದ್ದೇನೆ, ತಡೀರಿ' ಎನ್ನುತ್ತಿದ್ದರು.

'ಅಂಟು ಹಿಡಿಯೂದಲ್ಲ ಅಕ್ಕೋರೇ, ಕೂತದ್ದು ಹಿಡಿಯೂದು. ಜಾಗ ಸರಿ ಇದ್ರೆ ಅಂಟು ನಾಲ್ಕು ದಿನ ಕಾಯ್ದ್ರೆ ಸಾಕು. ಆಮೇಲೆ ಅದೇ ಹಿಡ್ಕಳ್ತದೆ.'

ಪೇಟೆಯವರಿಗೆ ಅವರು ತಮಾಷೆಯ ವಸ್ತು. ನಡೆದುಕೊಂಡು ಹೋಗುವಷ್ಟು ದೂರದಲ್ಲಿ ಸಮುದ್ರ ಇರುವಾಗ ಪಾರ್ಸೆಲ್ಲಿನಲ್ಲಿ ಉಪ್ಪು ತರಿಸಿ ನೀರಿಗೆ ಬೆರೆಸುವ ಮನುಷ್ಯ ಎಂದು. ಅವರು ಕೋಪ ಮಾಡಿಕೊಳ್ಳುತ್ತಿರಲಿಲ್ಲ. 'ಮಳೆಗಾಲದಲ್ಲಿ ಶರಾವತಿ ಎಷ್ಟು ನೀರು ತಂದು ಹಾಕ್ತದೆ ನೋಡಿದ್ರಾ? ಆವಾಗ ನಮ್ಮ ಅಳಿವೆ ನೀರು ಬರೀ ತಿಳಿಸಾರು' ಎನ್ನುತ್ತಿದ್ದರು. ಉಪ್ಪಿನ ಹದ ಅಳೆಯಲು ಒಂದು ಸಣ್ಣ ಕೊಳವೆ ಇತ್ತು. ಅದರೊಳಗೆ ಒಂದು ಕಣ್ಣಿಟ್ಟು ನೋಡುವಾಗ ಇನ್ನೊಂದು ಕಣ್ಣು ಮುಚ್ಚದೆ ನಮ್ಮನ್ನೇ ನೋಡುತ್ತಿರುತ್ತಿತ್ತು. ತೊಟ್ಟಿಯ ನೀರು ಆವಿಯಾಗಿ ಕಡಿಮೆ ಆದರೆ ಉಪ್ಪು ಒಳಗೇ ಉಳಿಯುತ್ತದೆ. ಅದಕ್ಕೆ ದಿನಾ ಒಂದು ಬಾಟಲಿ ಸಿಹಿನೀರು ಮಾತ್ರ ಹಾಕಬೇಕು. ಕೆಳಗಿನ ದವಾಖಾನೆಯ ಶುದ್ಧ ಮಾಡಿದ ನೀರನ್ನು ಕ್ಯಾನಿನಲ್ಲಿ ತುಂಬಿ ಇಟ್ಟುಕೊಳ್ಳುತ್ತಿದ್ದರು.

ಎರಡು ವರ್ಷದ ಹಿಂದೆ ಅವರಲ್ಲಿ ಒಂದು ಬದಲಾವಣೆ ಕಂಡೆ. ಯಾವಾಗಲೂ ಚಾ ತಾವೇ ಸೋಸಿ ಲೋಟ ಕೈಗೆ ಕೊಡುತ್ತಿದ್ದವರು, ಫ್ಲಾಸ್ಕ್ ನನ್ನ ಕಡೆ ದೂಡಿ 'ನೀವೇ ಹಾಕ್ಕಳಿ' ಎನ್ನತೊಡಗಿದರು. ಮಾತಾಡುವಾಗ ಬಲಗೈಯನ್ನು ಮೇಜಿನ ಅಂಚಿಗೆ ಒತ್ತಿ ಹಿಡಿದಿರುತ್ತಿದ್ದರು. ನಾನು ಕೇಳಲಿಲ್ಲ. ಹಲ್ಲು ಕೂರಿಸುವವನ ಕೈ ನಡುಗುತ್ತದೆ ಎಂದು ಪೇಟೆಗೆ ಗೊತ್ತಾದರೆ ಏನಾಗುತ್ತದೆ ಎಂದು ನನಗೂ ತಿಳಿಯುತ್ತಿತ್ತು. ಆ ಫೆಬ್ರವರಿಯಲ್ಲಿ ಅವರು ಹೆಂಡತಿಯನ್ನು ಕರೆದುಕೊಂಡು ಮಂಗಳೂರಿನ ಆಸ್ಪತ್ರೆಗೆ ತೋರಿಸಲು ಹೊರಟರು. ಪರೀಕ್ಷೆಗೆ ಒಂದು ವಾರ, ಹೆಚ್ಚೆಂದರೆ ಹತ್ತು ದಿನ ಎಂದು ಹೇಳಿ ಬೀಗದ ಕೈ ನನ್ನ ಕೈಗೆ ಕೊಟ್ಟರು.

'ನಿಮಗೆ ಕೊಟ್ರೆ ನನಗೆ ನಿದ್ದೆ ಬತ್ತದೆ' ಎಂದರು.

ನಾನು ಅದನ್ನು ಪ್ರಶಸ್ತಿ ಎಂದೇ ತೆಗೆದುಕೊಂಡೆ. ದಿನಾ ಶಾಲೆಗೆ ಮೊದಲು ಹೋಗಿ ದೀಪ ನೋಡುವುದು, ಮೀನಿಗೆ ಚಿಟಿಕೆ ಆಹಾರ, ಒಂದು ಬಾಟಲಿ ನೀರು. ಹತ್ತು ದಿನ ಇಪ್ಪತ್ತಾಯಿತು. ಕ್ಯಾನು ಮುಗಿಯಿತು, ಕೆಳಗಿನ ಡಾಕ್ಟರು ಮದುವೆಗೆಂದು ದವಾಖಾನೆ ಮುಚ್ಚಿ ಊರಿಗೆ ಹೋಗಿದ್ದರು. ಫೋನು ಮಾಡಿ ಕೇಳಿದೆ.

'ನೀರು ಮುಗ್ದು ಹೋಯ್ತು. ಎಂತ ಮಾಡ್ಲಿ?'

'ಮನೆಯಿಂದ ತನ್ನಿ ಅಕ್ಕೋರೇ. ನೀವು ಕುಡಿಯೂ ಒಳ್ಳೆ ನೀರು ಇದ್ರೆ ಸದ್ಯಕ್ಕೆ ಆತು.'

ನಮ್ಮ ಮನೆಯಲ್ಲಿ ಕುಡಿಯುವ ಒಳ್ಳೆಯ ನೀರು ಎಂದರೆ ಒಂದೇ. ಅಮ್ಮ ಸಂಜೆ ತಾಮ್ರದ ಕೊಡವನ್ನು ಹುಣಸೆಹಣ್ಣು ಹಚ್ಚಿ ಕೆಂಪಗೆ ಹೊಳೆಯುವಂತೆ ತಿಕ್ಕಿ, ಬಾವಿಯ ನೀರು ಬಟ್ಟೆಯಲ್ಲಿ ಸೋಸಿ ತುಂಬಿ, ಎರಡು ತುಳಸಿ ದಳ ಹಾಕಿ ಮುಚ್ಚಿಡುತ್ತಾಳೆ. ಬೆಳಿಗ್ಗೆ ಎದ್ದು ಎಲ್ಲರೂ ಮೊದಲು ಅದನ್ನೇ ಕುಡಿಯುವುದು. ಅಮ್ಮನಿಗೆ ವಿಷಯ ಹೇಳಿದ್ದೇ ತಡ, 'ನನ್ನ ಹಲ್ಲು ಮಾಡಿದವ್ರ ಮೀನಿಗಾ? ಹಾಗಾರೆ ಕೊಡದ್ದೇ ತಗಂಡು ಹೋಗು, ಬರೀ ಬಾವಿದು ಬೇಡ' ಎಂದು ತಾನೇ ಬಾಟಲಿ ತುಂಬಿ ಕೊಟ್ಟಳು. ಹನ್ನೆರಡು ದಿನ ನಾನು ಆ ಬಾಟಲಿಯನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಒಯ್ದು ಸುರಿದೆ. ಆ ವಾರ ಶಾಲೆಯಲ್ಲಿ ನಾನು ಮಾಡುತ್ತಿದ್ದ ಪಾಠ ಲೋಹಗಳು. ಹುಳಿ ತಾಗಿದರೆ ತಾಮ್ರ ಕರಗಿ ನೀರಿಗೆ ಇಳಿಯುತ್ತದೆ ಎಂದು ಮಕ್ಕಳಿಗೆ ನಾನೇ ಬರೆಸಿದ್ದೆ.

ಮೊದಲು ಸತ್ತದ್ದು ಸಿಗಡಿಗಳು. ನನಗೆ ಗೊತ್ತಾಗಲಿಲ್ಲ, ಚಿಪ್ಪು ಕಳಚುತ್ತವೆ ಎಂದು ಅವರು ಹೇಳಿದ್ದರು, ಇದೂ ಬರೀ ಚಿಪ್ಪು ಎಂದುಕೊಂಡೆ. ಆಮೇಲೆ ಬಸವನಹುಳುಗಳು ಗಾಜಿನಿಂದ ಉದುರಿ ಬಿದ್ದವು. ಹನ್ನೆರಡನೇ ದಿನ ಬಾಗಿಲು ತೆಗೆದರೆ ಹಸಿರು ಹವಳದ ಒಂದು ಬದಿ ಸುಣ್ಣದ ಹಾಗೆ ಬಿಳಿಯಾಗಿತ್ತು. ನಿಂತಲ್ಲಿಂದಲೇ ಫೋನು ಮಾಡಿದೆ. ಅವರು ಏನೂ ಕೇಳದೆ, 'ಬತ್ತೇನೆ' ಎಂದು ಇಟ್ಟರು. ಮಧ್ಯಾಹ್ನದ ಬಸ್ಸಿಗೇ ಬಂದರು.

ಬಂದವರು ಕೊಳವೆಯಲ್ಲಿ ಉಪ್ಪು ನೋಡಿದರು. ಸರಿ ಇತ್ತು. ಬಿಸಿ ನೋಡಿದರು, ಸರಿ ಇತ್ತು. ಆಮೇಲೆ ಮೇಜಿನ ಮೇಲಿದ್ದ ನನ್ನ ಬಾಟಲಿ ನೋಡಿದರು.

'ನೀರು ಯಾವ ಪಾತ್ರೆಯಿಂದ?'

'ಕೊಡದಿಂದ.'

'ಎಂತದ್ದು ಕೊಡ?'

ಆ ಪ್ರಶ್ನೆ ಕೇಳಿದ ಕ್ಷಣವೇ ನನಗೆ ಎಲ್ಲ ಹೊಳೆಯಿತು. ಮನುಷ್ಯರಿಗೆ ಏನೂ ಆಗದ ಅಷ್ಟು ತಾಮ್ರ ಹವಳಕ್ಕೂ ಸಿಗಡಿಗೂ ವಿಷ ಎಂಬುದು ವಿಜ್ಞಾನದ ಅಕ್ಕೋರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. 'ತಾಮ್ರದ್ದು' ಎಂದೆ.

ಅವರು ಸ್ಟೂಲಿನ ಮೇಲೆ ಕೂತರು. 'ತಪ್ಪು ನಂದೇ. ಒಳ್ಳೆ ನೀರು ಅಂತ ಹೇಳ್ದೆ. ನಿಮ್ಮನೇಲಿ ಇದ್ದ ಎಲ್ಲಕ್ಕಿಂತ ಒಳ್ಳೆ ನೀರನ್ನೇ ನೀವು ತಂದದ್ದು' ಎಂದರು.

ನನಗೆ ಸಿಟ್ಟು ಬಂತು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. 'ಉಪಕಾರ ಮಾಡೂದು ಬೇಡ. ನನ್ನ ತಪ್ಪು ನನಗೇ ಇರಲಿ' ಎಂದು ಕೂಗಿದೆ. ಅವರು ಕೂಗಲಿಲ್ಲ. 'ಆತು, ನಿಮಗೇ ಇರ್ಲಿ. ಅಮ್ಮಂಗೆ ಮಾತ್ರ ಹೇಳೂದು ಬೇಡ. ಅವ್ರು ಆ ಕೊಡ ಮುಟ್ಟೂದೇ ಬಿಟ್ಬಿಡ್ತ್ರು' ಎಂದು ಎದ್ದು ಅಂಗಿಯ ತೋಳು ಮಡಚಿದರು. ಅಮ್ಮನಿಗೆ ನಾನು ಇವತ್ತಿಗೂ ಹೇಳಿಲ್ಲ.

ತಾಮ್ರ ಕಲ್ಲಿನೊಳಗೂ ಇಳಿದಿತ್ತು, ಹಾಗಾಗಿ ಆ ತೊಟ್ಟಿಯೇ ಕೆಲಸಕ್ಕಿಲ್ಲ ಎಂದರು. ಅವರ ಹತ್ತಿರ ಬೇರೆ ಬಕೆಟ್ಟಿನಲ್ಲಿ ಉಪ್ಪುನೀರಲ್ಲಿಟ್ಟು ಹದ ಮಾಡಿದ್ದ ನಾಲ್ಕು ಕಲ್ಲುಗಳಿದ್ದವು, ಒಂದು ಚಿಕ್ಕ ತೊಟ್ಟಿಯೂ ಇತ್ತು. ಹೊಸ ಉಪ್ಪುನೀರು ಬೆರೆಸಿದೆವು. ಹಸಿರು ಹವಳವನ್ನು ಹೊರಗೆ ತೆಗೆದು ಬೋಗುಣಿಯಲ್ಲಿಟ್ಟರು. ಇನ್ನೂ ಹಸಿರು ಉಳಿದದ್ದು ಒಂದು ಮೂಲೆಯಲ್ಲಿ ಮಾತ್ರ. ಹಲ್ಲು ಕತ್ತರಿಸುವ ಸಣ್ಣ ಚಕ್ರದಿಂದ ಅವರು ಗೆರೆ ಹಾಕಿದಲ್ಲಿ ನಾನು ಕತ್ತರಿಸಿದೆ. ಐದು ಸಸಿ ಸಿಕ್ಕವು. ಅಪ್ಪ ನೋಡಿದ ಹವಳದಲ್ಲಿ ಇನ್ನು ಉಳಿದದ್ದು ಆ ಐದೇ ತುಂಡು.

ಮೊದಲನೆಯದಕ್ಕೆ ಅಂಟು ಇಟ್ಟು ಅವರು ನೀರಿಗೆ ಕೈ ಹಾಕಿದರು. ಸಸಿ ಕಲ್ಲಿಗೆ ತಾಗಿತು, ಕೈ ನಡುಗಿತು, ಜಾರಿತು. ಎತ್ತಿ ಮತ್ತೆ ಇಟ್ಟರು. ಮತ್ತೆ ಜಾರಿತು. ಮೂರನೇ ಸಲ ಎಡಗೈಯಿಂದ ಬಲಗೈ ಮಣಿಕಟ್ಟು ಹಿಡಿದುಕೊಂಡರು. ಎರಡೂ ಕೈ ನಡುಗಿದವು. ಸಸಿ ಕಲ್ಲುಗಳ ಸಂದಿಗೆ ಬಿದ್ದು ಒಡೆದು ಹೋಯಿತು. ಅವರು ಕೈಯನ್ನು ನೀರಿನಿಂದ ತೆಗೆಯದೆ ಹಾಗೇ ನಿಂತರು.

'ಮಂಗ್ಳೂರಲ್ಲಿ ಹೇಳಿದ್ರು. ಇದು ಹೋಗೂದಲ್ಲ, ಹೆಚ್ಚಾಗೂದೇ' ಎಂದರು. ಆಮೇಲೆ ಕೈ ಒರೆಸಿಕೊಂಡು, ಶಾಲೆ ಮಕ್ಕಳಿಗೆ ನಾನು ಹೇಳುವ ಹಾಗೆ ಹೇಳಿದರು: 'ಅಕ್ಕೋರೇ, ಬನ್ನಿ ಈಚೆ. ಬಳೆ ತೆಗೀರಿ. ನೀವು ಕೂರ್ಸ್ಬೇಕು.'

ನಿಮ್ಮ ಕೈಯಿಂದ ಕೊಂದದ್ದನ್ನು ನಿಮ್ಮ ಕೈಯಿಂದಲೇ ಉಳಿಸಿ ಎಂದು ಅವರು ಹೇಳಲಿಲ್ಲ. ಅಷ್ಟು ನಾಟಕದ ಮಾತು ಅವರಿಗೆ ಬರುತ್ತಿರಲಿಲ್ಲ. ಕಲಿಸಲು ನಿಂತರೆ ಮಾತ್ರ ಕರುಣೆ ಇರಲಿಲ್ಲ. 'ಮೊದ್ಲು ಜಾಗ ನೋಡಿ, ಅಂಟಿಗೆ ಕೈ ಹಾಕ್ಬೇಡಿ.' 'ಒತ್ತಬೇಡಿ, ಅದು ರೊಟ್ಟಿ ಹಿಟ್ಟಲ್ಲ.' 'ಪೇಪರ್ ತಿದ್ದುವಾಗ್ಲೂ ಹೀಂಗೇ ಅವಸ್ರ ಮಾಡ್ತ್ರಾ? ಪಾಪ, ಮಕ್ಕಳು.' ಇಪ್ಪತ್ತು ವರ್ಷ ಪಾಠ ಮಾಡಿದವಳನ್ನು ಯಾರೂ ಹಾಗೆ ಬೈದಿರಲಿಲ್ಲ. ಬೈಗುಳ ಕೇಳುತ್ತ ಹೋದಂತೆ ನನ್ನ ಎದೆಯ ಭಾರ ಇಳಿಯಿತು. ಒಂದೊಂದು ಸಸಿಯನ್ನೂ ಹಿಡಿದುಕೊಂಡು ನಿಂತಾಗ ಅವರು ಪಕ್ಕದಲ್ಲಿ ಗಟ್ಟಿಯಾಗಿ ಬಸ್ಸು ಬಿಟ್ಟರು. ಶಿರಾಲಿಯಲ್ಲಿ ಒಮ್ಮೆ ನನ್ನ ಬೆರಳು ಜೋಮು ಹಿಡಿಯಿತು, 'ಇಳೀಬೇಡಿ, ಇನ್ನೊಂದೇ ಸ್ಟಾಪು' ಎಂದರು. ನಾಲ್ಕೂ ಕೂತವು.

ಎರಡು ವಾರದಲ್ಲಿ ಎರಡು ಬಿಳಿಯಾದವು. ಉಳಿದ ಎರಡರಲ್ಲಿ ಒಂದಕ್ಕೆ ಒಂದು ತಿಂಗಳ ಮೇಲೆ ಅಂಚಿನಲ್ಲಿ ಮತ್ತೆ ನೇರಳೆ ಗೆರೆ ಕಾಣಿಸಿತು, ಬೆಳೆಯಲು ಶುರುವಾದ ಗುರುತು. ಚಿಕಿತ್ಸೆಗೆ ಮತ್ತೆ ಮಂಗಳೂರಿಗೆ ಹೋಗಿದ್ದ ಅವರಿಗೆ ನಾನು ತೊಟ್ಟಿಯ ಎದುರಿನಿಂದಲೇ ಫೋನು ಮಾಡಿದರೆ, 'ಒಳ್ಳೇದು. ಈಗ ಅದನ್ನ ನೋಡ್ತಾ ಕೂರ್ಬೇಡಿ, ಅದಕ್ಕೂ ಕೆಲ್ಸ ಇರ್ತದೆ' ಎಂದರು.

ಹಲ್ಲಿನ ಕೆಲಸವನ್ನು ಆ ವರ್ಷವೇ ಬಿಟ್ಟರು. ಅಡಗಿಸಲಿಲ್ಲ, ಅಳಲಿಲ್ಲ. ಬೋರ್ಡು ಇಳಿಸುವ ಮೊದಲು ಹಳೇ ಗಿರಾಕಿಗಳನ್ನೆಲ್ಲ ಕರೆದು ಸೆಟ್ಟು ನೋಡಿ, ಸಡಿಲ ಇದ್ದದ್ದಕ್ಕೆ ಗುರುತು ಹಾಕಿ, ಕುಮಟಾದ ಇನ್ನೊಬ್ಬರ ಹತ್ತಿರ ಕಳಿಸಿದರು. 'ನನ್ನ ಕೈ ನಡುಗ್ತದೆ, ಅವ್ರದ್ದು ಇಲ್ಲ' ಎಂದು ನೇರ ಹೇಳಿದರು. ಇಷ್ಟು ದಿನ ಮುಚ್ಚಿಟ್ಟದ್ದನ್ನು ಒಮ್ಮೆ ಹೇಳಿದ ಮೇಲೆ ಅವರ ನಡಿಗೆಯೇ ಸಲೀಸಾಯಿತು. ತೊಟ್ಟಿ ನಮ್ಮ ಮನೆಗೆ ಬಂತು. ಭಾನುವಾರ ಅವರು ಹೆಂಡತಿಯ ಜೊತೆ ಬಸ್ಸು ಹತ್ತಿ ಹಳದೀಪುರಕ್ಕೆ ಬರುವುದು, ಅಮ್ಮನ ಕೈಲಿ ನಾಲ್ಕು ಊರಿನ ಹೆಸರು ಹೇಳಿಸುವುದು, ಆಮೇಲೆ ತೊಟ್ಟಿಯ ಮುಂದೆ ಕೂತು ನನ್ನ ಕೆಲಸದಲ್ಲಿ ಕೊಂಕು ಹುಡುಕುವುದು.

ಈ ವರ್ಷ ಶಿವರಾತ್ರಿಯ ಮರುದಿನ ಬಂದಾಗ ಹಸಿರು ಹವಳ ಬಟ್ಟಲಿನಷ್ಟು ಅಗಲವಾಗಿತ್ತು. ಕತ್ತರಿಸಿ ಸಸಿ ಮಾಡುವಷ್ಟು ಬೆಳೆದಿತ್ತು. ನಾನು ಒಂದು ತುಂಡು ಕತ್ತರಿಸಿ ಒರೆಸಿ, ಅಂಟು ಇಟ್ಟೆ. ಅವರು ಕೈ ಚಾಚಿದರು.

'ಇದೊಂದು ನಾ ಕೂರ್ಸ್ತೆ' ಎಂದರು.

ಅವರ ಹೆಂಡತಿ 'ಬೇಡ' ಎನ್ನುವಂತೆ ನನ್ನ ಮುಖ ನೋಡಿದರು. ಅವರ ಕೈ ಆಗ ಊಟದ ತುತ್ತನ್ನೂ ಬಾಯಿಗೆ ಮುಟ್ಟಿಸಲಾರದ ಹಾಗಾಗಿತ್ತು. ಅದು ಅವರಿಗೂ ಗೊತ್ತಿತ್ತು, ಗೊತ್ತಿದ್ದೇ ಕೇಳಿದ್ದು. ನಾನು ಸಸಿಯನ್ನು ಅವರ ಬೆರಳಿಗೆ ಕೊಟ್ಟೆ. ನೀರಿಗೆ ಕೈ ಇಳಿಸಿದರು. ನಾನು ಅವರ ಮಣಿಕಟ್ಟು ಹಿಡಿದುಕೊಂಡೆ. ನಡುಕ ನನ್ನ ಭುಜದವರೆಗೂ ಬಂತು. ನೀರು ತುಳುಕಿ ನಮ್ಮಿಬ್ಬರ ಮೈ ಒದ್ದೆಯಾಯಿತು, ಮೀನುಗಳು ಹೆದರಿ ಕಲ್ಲಿನ ಹಿಂದೆ ಹೋದವು. ಒಮ್ಮೆ ಜಾರಿತು, ಒಮ್ಮೆ ತಪ್ಪು ಗುಳಿಗೆ ಬಿತ್ತು. ಮೂರನೇ ಸಲ ತಾಗಿತು. ಅವರು ಕಣ್ಣು ಮುಚ್ಚಿ ಒತ್ತಿ ಹಿಡಿದರು. ಎಷ್ಟು ಹೊತ್ತು ಹಿಡಿದೆವು ಎಂದು ನನಗೆ ಗೊತ್ತಿಲ್ಲ. ಬಿಟ್ಟಾಗ ಅದು ನಿಂತಿತ್ತು.

ಕನ್ನಡಕ ಒರೆಸಿ ಹಾಕಿಕೊಂಡು ನೋಡಿದರು. ಸಸಿ ಎಡಕ್ಕೆ ವಾಲಿತ್ತು. ಬೆಳಕಿಗೆ ಮುಖ ಮಾಡಬೇಕಾದದ್ದು ಗೋಡೆಗೆ ಮುಖ ಮಾಡಿತ್ತು.

'ಓರೆ ಆತು' ಎಂದರು. ಒಂದು ಹಲ್ಲು ಕೂದಲೆಳೆಯಷ್ಟು ಓರೆಯಾದರೂ ಇಡೀ ಸೆಟ್ಟನ್ನು ಬಿಸಿನೀರಿಗೆ ಹಾಕಿ ಮೇಣ ಕರಗಿಸಿ ಮತ್ತೆ ಮಾಡುತ್ತಿದ್ದ ಮನುಷ್ಯ. 'ಅಕ್ಕೋರೇ, ಕಿತ್ತು ಸರಿ ಮಾಡಿ ಕೂರ್ಸಿ.'

ಅವರು ಹೇಳಿದ್ದನ್ನು ನಾನು ಯಾವತ್ತೂ ಮೀರಿದವಳಲ್ಲ. ಅವತ್ತು ಮೀರಿದೆ.

'ಬರೂದಿಲ್ಲ. ಅಂಟು ಹಿಡ್ದಾಗಿದೆ' ಎಂದೆ.

ಸುಳ್ಳು. ಕೂರಿಸಿ ಐದು ನಿಮಿಷವೂ ಆಗಿರಲಿಲ್ಲ, ಉಗುರು ತಾಗಿಸಿದರೆ ಬರುತ್ತಿತ್ತು. ಅದು ನನಗಿಂತ ಅವರಿಗೆ ಚೆನ್ನಾಗಿ ಗೊತ್ತು. ನನ್ನ ಮುಖವನ್ನೇ ನೋಡಿದರು. ನಾನು ಟವೆಲು ಕೊಟ್ಟೆ.

'ಹೌದಾ? ಆತು, ಹಾಗಾರೆ ಇರ್ಲಿ' ಎಂದು ಕೈ ಒರೆಸಿಕೊಂಡರು.

ಚೌತಿ ಕಳೆದ ಮೇಲೆ ಮೊನ್ನೆ ಅವರ ಹೆಂಡತಿ ಒಬ್ಬರೇ ಬಂದಿದ್ದರು. ಅಮ್ಮನ ಹತ್ತಿರ ಕೂತು ಸ್ವಲ್ಪ ಅತ್ತರು. ಆಮೇಲೆ ತೊಟ್ಟಿಯ ಮುಂದೆ ನಿಂತು ಒಂದೊಂದೇ ಹವಳ ನೋಡುತ್ತ, 'ಇದೊಂದು ಓರೆ ಅದೆ ಅಲ್ದಾ ಅಕ್ಕೋರೇ? ಅವ್ರು ಇದ್ದಿದ್ರೆ ಬಿಡ್ತಿರ್ಲಿಲ್ಲ' ಎಂದರು. ಅವತ್ತು ತಾವೂ ಪಕ್ಕದಲ್ಲೇ ಇದ್ದದ್ದು ದುಃಖದಲ್ಲಿ ಮರೆತಿದ್ದರು.

ನಾನು ತೋಳು ಮಡಚಿ ನೀರಿಗೆ ಕೈ ಹಾಕಿದೆ. ಆ ಹವಳದ ಬುಡವನ್ನು ಎರಡು ಬೆರಳಲ್ಲಿ ಹಿಡಿದು ಅವರಿಗೆ ಕಾಣುವ ಹಾಗೆ ಎಳೆದೆ. ಅಂಟು ಎಲ್ಲಿಯೂ ಕಾಣುತ್ತಿರಲಿಲ್ಲ, ಅದರ ಮೇಲೆಲ್ಲ ಹಸಿರು ಹರಿದಿತ್ತು. ಇನ್ನೂ ಜೋರಾಗಿ ಎಳೆದೆ. ಇಡೀ ಕಲ್ಲೇ ಮೇಲೆದ್ದು ಬಂತು, ಹವಳ ಬರಲಿಲ್ಲ.